ಚೀನೀ ಕುಲನಾಮಗಳ ಅರ್ಥ ಮತ್ತು ಮೂಲ: ಸಾಂಪ್ರದಾಯಿಕ ಆಧಾರಗಳ ವಿಮರ್ಶೆ

೧

ಚೀನಾದೇಶದ ಇತಿಹಾಸವನ್ನು ಅಭ್ಯಾಸಮಾಡುವ ನಮ್ಮವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದು. ಈ ಹೆಸರುಗಳನ್ನು ಬಿಡಿಸಲು ಸಾಮಾನ್ಯವಾಗಿ ಎರಡು ಮಾರ್ಗಗಳನ್ನು ಅನುಸರಿಸುವುದುಂಟು. ಒಂದು ನಿಘಂಟಿನ ಮಾರ್ಗ. ವಾಂಗ್ ಎಂದರೆ ಅರಸು, ಲೀ ಎಂದರೆ ಪ್ಲಮ್ ಹಣ್ಣಿನ ಮರ, ಮಾ ಎಂದರೆ ಕುದುರೆ, ಲಿನ್ ಎಂದರೆ ಕಾಡು, ಚಿಯೆನ್ ಎಂದರೆ ನಾಣ್ಯ. ಆದುದರಿಂದ ಆಯಾ ಕುಲದವರ ಪೂರ್ವಜರು ಅರಸರೋ, ತೋಟಗಾರರೋ, ಕುದುರೆ ಸಾಕುವವರೋ ಆಗಿದ್ದಿರಬೇಕೆಂದು ಈ ಮಾರ್ಗದವರ ಊಹೆ. ಇನ್ನೊಂದು ವಂಶಾವಳಿಯ ಮಾರ್ಗ. ಚೀನೀ ಕುಲಗ್ರಂಥಗಳಲ್ಲಿ ಪ್ರತಿಯೊಂದು ಕುಲನಾಮಕ್ಕೂ ಒಬ್ಬ ಮೂಲಪುರುಷನೂ, ಅವನಿಂದ ಇಳಿದುಬಂದ ಸಂತತಿಯ ಪಟ್ಟಿಯೂ ಸಿದ್ಧವಾಗಿ ದೊರೆಯುತ್ತವೆ. ಬಹುಮಂದಿ ಮೂಲಪುರುಷರು ಪುರಾಣಕಾಲದ ಪೀತ ಚಕ್ರವರ್ತಿಯ ಸಂತತಿಯವರೆಂದೇ ಅಲ್ಲಿ ಹೇಳಿದೆ.

ಈ ಎರಡು ಮಾರ್ಗಗಳೂ ಸುಲಭವಾದವು. ಆದರೆ ಎರಡನ್ನೂ ಪರೀಕ್ಷಿಸದೆ ಅಂಗೀಕರಿಸುವಂತಿಲ್ಲ. ಕುಲನಾಮದ ನಿಘಂಟಿನ ಅರ್ಥ ಅದರ ಮೂಲವನ್ನು ತಿಳಿಸುವುದು ಕೆಲವೆಡೆ ಮಾತ್ರ. ಮೂಲಕಥೆಗಳಾದರೋ, ತಾವು ವರ್ಣಿಸುವ ಪೂರ್ವಜನ ಕಾಲಕ್ಕಿಂತ ತಾವು ರಚಿತವಾದ ಕಾಲಕ್ಕೆ ಹೆಚ್ಚು ನಂಬತಕ್ಕ ಸಾಕ್ಷಿಗಳಾಗಿವೆ. ಈ ಎರಡು ಮಾತುಗಳನ್ನು ಆಧಾರಸಹಿತವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಇಂದು ಚೀನೀ ಭಾಷೆಯಲ್ಲಿ ಕುಲನಾಮಕ್ಕೆ 'ಶಿಂಗ್' ಎಂದು ಹೆಸರು. ಆದರೆ ಪ್ರಾಚೀನ ಜೌ ರಾಜವಂಶದ ಕಾಲದಲ್ಲಿ 'ಶಿಂಗ್' ಮತ್ತು 'ಷಿ' ಎಂಬ ಎರಡು ಬೇರೆ ಬೇರೆ ವ್ಯವಸ್ಥೆಗಳಿದ್ದವು. ಶಿಂಗ್ ಎಂಬುದು ಜನ್ಮದಿಂದ ಬಂದ ವಿಶಾಲವಾದ ಕುಲ. ಷಿ ಎಂಬುದು ಆ ಕುಲದೊಳಗಿನ ಶಾಖೆಗೆ ಜಹಗೀರಿನಿಂದಲೋ, ಅಧಿಕಾರದಿಂದಲೋ, ಪೂರ್ವಜನ ಹೆಸರಿನಿಂದಲೋ ಪ್ರಾಪ್ತವಾದ ಉಪನಾಮ. ಶಿಂಗ್ ಬದಲಾಗುತ್ತಿರಲಿಲ್ಲ, ಷಿ ಬದಲಾಗುತ್ತಿತ್ತು. ಚಿನ್ ರಾಜ್ಯದ ಪ್ರಸಿದ್ಧ ಮಂತ್ರಿ ಷಾಂಗ್ ಯಾಂಗನು ವೇಯ್ ರಾಜ್ಯದಿಂದ ಬಂದವನಾದುದರಿಂದ ವೇಯ್ ಯಾಂಗ್, ಪ್ರಭುವಿನ ಮೊಮ್ಮಗನ ಪೀಳಿಗೆಯವನಾದುದರಿಂದ ಕುಂಗ್‌ಸುನ್ ಯಾಂಗ್, ಷಾಂಗ್ ಎಂಬ ಜಹಗೀರು ದೊರೆತ ಬಳಿಕ ಷಾಂಗ್ ಯಾಂಗ್ ಎನಿಸಿಕೊಂಡನು. ಒಬ್ಬನೇ ವ್ಯಕ್ತಿಗೆ ಮೂರು ಷಿ. ಅವನ ಶಿಂಗ್ ಮಾತ್ರ ಜೌ ಅರಸರದೇ ಆದ 'ಜೀ'. ಕನ್‌ಫ್ಯೂಷಿಯಸನ ಸ್ಥಿತಿಯೂ ಹೀಗೆಯೇ. ಅವನ ಶಿಂಗ್ ಷಾಂಗ್ ಅರಸುಕುಲದ 'ತ್ಸು'. 'ಕುಂಗ್' ಎಂಬುದು ಅವನ ಪೂರ್ವಜನಾದ ಕುಂಗ್‌ಫು ಜಿಯಾ ಎಂಬ ಸರದಾರನ ಉಪನಾಮದಿಂದ ಬಂದ ಷಿ. ಆ ಅಕ್ಷರಕ್ಕೆ ನಿಘಂಟಿನಲ್ಲಿ ರಂಧ್ರವೆಂಬ ಅರ್ಥವಿರುವುದಕ್ಕೂ ಮನೆತನಕ್ಕೂ ಯಾವ ಸಂಬಂಧವೂ ಇಲ್ಲ.

ಶಿಂಗ್ ಎಂಬ ಅಕ್ಷರದಲ್ಲಿ 'ಸ್ತ್ರೀ' ಮತ್ತು 'ಜನನ' ಎಂಬ ಎರಡು ಅಂಗಗಳಿವೆ. ಜೀ, ಜಿಯಾಂಗ್, ಯಾವ್, ಇಂಗ್ ಮೊದಲಾದ ಪುರಾತನ ಶಿಂಗ್‌ಗಳ ಅಕ್ಷರಗಳಲ್ಲಿಯೂ ಸ್ತ್ರೀವಾಚಕ ಅಂಗ ಕಾಣುತ್ತದೆ. ಇದರಿಂದ ಪ್ರಾಚೀನ ಚೀನೀ ಸಮಾಜ ಮಾತೃಪ್ರಧಾನವಾಗಿತ್ತೆಂದು ಸಿದ್ಧಾಂತಿಸಿದವರು ಹಲವರುಂಟು. ಈ ವಾದವನ್ನು ಪರಿಶೀಲಿಸುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಜೌ ಕಾಲದಲ್ಲಿ ಶಿಂಗನ್ನು ತಮ್ಮ ಹೆಸರಿನಲ್ಲಿ ಧರಿಸುತ್ತಿದ್ದವರು ಸ್ತ್ರೀಯರು. ಪುರುಷರು ಧರಿಸುತ್ತಿದ್ದುದು ಷಿಯನ್ನು. ಒಂದೇ ಶಿಂಗಿನವರಲ್ಲಿ ವಿವಾಹ ನಿಷಿದ್ಧವಾದುದರಿಂದ ವಧುವಿನ ಶಿಂಗ್ ಎಲ್ಲರಿಗೂ ತಿಳಿದಿರಬೇಕಾಗಿತ್ತು. ಲೂ ರಾಜ್ಯದ ಜಾವ್ ಪ್ರಭುವು ತನ್ನಂತೆಯೇ ಜೀ ಶಿಂಗಿಗೆ ಸೇರಿದ ವೂ ರಾಜ್ಯದ ಕನ್ಯೆಯನ್ನು ವರಿಸಿ, ದೋಷವನ್ನು ಮರೆಮಾಚಲು ಆಕೆಯನ್ನು ವೂ ಮೆಂಗ್‌ತ್ಸು ಎಂದು ಕರೆಯಿಸಿದುದು ಕನ್‌ಫ್ಯೂಷಿಯಸನ ಕಾಲದಲ್ಲಿಯೇ ಟೀಕೆಗೆ ಗುರಿಯಾಗಿತ್ತು. ಎರಡನೆಯದಾಗಿ, ಜೌ ಅರಸನಾದ ಶ್ವೆನ್‌ನ (ಕ್ರಿ. ಪೂ. ೮೨೭-೭೮೨) ಕಾಲದ ಶೀ ಜಿಯಾ ಎಂಬುವನ ಕಂಚಿನ ತಟ್ಟೆಯ ಶಾಸನದಲ್ಲಿ, 'ನೂರು ಶಿಂಗ್‌ಗಳು' ಎಂಬ ಪದವನ್ನು ಸ್ತ್ರೀವಾಚಕ ಅಂಗವಿಲ್ಲದೆ 'ಜನನ' ಎಂಬ ಚಿಹ್ನೆಯಿಂದಲೇ ಬರೆದಿದೆ. ಮಾತೃಪ್ರಾಧಾನ್ಯವನ್ನು ಅಲ್ಲಗಳೆಯಲು ಈ ಸಾಕ್ಷ್ಯ ಸಾಲದು. ಆದರೆ ಅಕ್ಷರದ ಆಕಾರವೊಂದರಿಂದಲೇ ಅದನ್ನು ಸ್ಥಾಪಿಸಲಾಗದೆಂಬುದನ್ನು ಇದು ತೋರಿಸುತ್ತದೆ. ಮದುವೆಯ ಸಂದರ್ಭದಲ್ಲಿ ಸ್ತ್ರೀಯರ ಹೆಸರಿಗೆ ಅಂಟಿಕೊಂಡ ಗುರುತಾದುದರಿಂದಲೇ ಸ್ತ್ರೀವಾಚಕ ಅಂಗ ಬಂದಿತೆಂಬುದು ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ನಮ್ಮ ಓದುಗರಿಗೆ ಇಲ್ಲಿ ಗೋತ್ರ ಮತ್ತು ಬೆಡಗುಗಳ ನೆನಪು ಬರುವುದು ಸಹಜ. ವಿವಾಹನಿಷೇಧದ ಮಟ್ಟಿಗೆ ಹೋಲಿಕೆ ಸಲ್ಲುತ್ತದೆ. ಅದಕ್ಕಿಂತ ಮುಂದೆ ಸಲ್ಲದು. ಗೋತ್ರವು ಹೆಸರಿನ ಹಿಂದೆ ಉಳಿಯುವ ವಸ್ತು. ಶಿಂಗ್ ಕಾಲಕ್ರಮದಲ್ಲಿ ಹೆಸರಿನ ಮೊದಲ ಅಂಗವೇ ಆಗಿಬಿಟ್ಟಿತು. ಜೌ ವ್ಯವಸ್ಥೆ ಕುಸಿದು ಕ್ರಿ. ಪೂ. ೨೨೧ರಲ್ಲಿ ಚಿನ್ ಸಾಮ್ರಾಜ್ಯ ಸ್ಥಾಪಿತವಾದ ಮೇಲೆ ಶಿಂಗ್ ಮತ್ತು ಷಿಗಳ ಭೇದ ಅಳಿಸಿಹೋಯಿತು. ಹಾನ್ ಯುಗದ ಇತಿಹಾಸಕಾರ ಸ್ಸುಮಾ ಚಿಯೆನ್ ಇವೆರಡನ್ನೂ ಒಂದಾಗಿಯೇ ಬಳಸಿದ್ದಾನೆ. ಇಂಗ್ ಶಿಂಗಿನ ಮೊದಲನೆಯ ಚಕ್ರವರ್ತಿಗೆ 'ಜಾವ್' ಎಂಬುದನ್ನು ಕುಲನಾಮವನ್ನಾಗಿ ಹೇಳಿದವನು ಅವನೇ. ಈ ಬೆರಕೆಯನ್ನು ಹದಿನೇಳನೆಯ ಶತಮಾನದ ವಿದ್ವಾಂಸ ಗೂ ಯೆನ್‌ವೂ (೧೬೧೩-೧೬೮೨) ಸ್ಪಷ್ಟವಾಗಿ ಎತ್ತಿತೋರಿಸಿದನು. ಇಂದು ಶಿಂಗ್ ಎನಿಸಿಕೊಳ್ಳುವ ಹೆಸರುಗಳಲ್ಲಿ ಬಹುಭಾಗ ವಾಸ್ತವವಾಗಿ ಪ್ರಾಚೀನ ಷಿಗಳೇ, ಎಂದರೆ ಬದಲಾಗುತ್ತಿದ್ದ ಹೆಸರುಗಳೇ. ಮೂಲಕಥೆಗಳು ಈ ಚಂಚಲ ಹೆಸರುಗಳಿಗೆ ಅಚಲವಾದ ವಂಶವನ್ನು ಕಲ್ಪಿಸಲು ಹೊರಡುತ್ತವೆ. ಅವುಗಳ ಮೊದಲನೆಯ ದೌರ್ಬಲ್ಯ ಇಲ್ಲಿದೆ.

೩

ಕುಲನಾಮಗಳನ್ನು ಕುರಿತ ಗ್ರಂಥಗಳಲ್ಲಿ ಅತ್ಯಂತ ಜನಪ್ರಿಯವಾದುದು ಸುಂಗ್ ಯುಗದ ಆರಂಭದಲ್ಲಿ ಹುಟ್ಟಿದ 'ಬಾಯ್‌ಜಿಯಾ ಶಿಂಗ್' ಅಥವಾ 'ನೂರು ಮನೆತನಗಳ ಹೆಸರುಗಳು'. ಶತಮಾನಗಳ ಕಾಲ ಚೀನೀ ಮಕ್ಕಳು ಅಕ್ಷರಾಭ್ಯಾಸಕ್ಕಾಗಿ ಇದನ್ನು ಬಾಯಿಪಾಠ ಮಾಡಿದರು. ಪ್ರಚಲಿತ ಪಾಠದಲ್ಲಿ ಒಂದಕ್ಷರದ ೪೪೪, ಎರಡಕ್ಷರದ ೬೦, ಒಟ್ಟು ೫೦೪ ಹೆಸರುಗಳಿವೆ. ಪಟ್ಟಿಯ ಆದಿಯಲ್ಲಿರುವ ನಾಲ್ಕು ಹೆಸರುಗಳು ಜಾವ್, ಚಿಯೆನ್, ಸುನ್, ಲೀ. ಜನಸಂಖ್ಯೆಯಲ್ಲಿ ಇವು ಮೊದಲ ನಾಲ್ಕಲ್ಲ. ಜಾವ್ ಎಂಬುದು ಸುಂಗ್ ಚಕ್ರವರ್ತಿಗಳ ಕುಲ; ಚಿಯೆನ್ ಎಂಬುದು ಹಾಂಗ್‌ಜೌ ಪ್ರಾಂತದಲ್ಲಿ ಆಳುತ್ತಿದ್ದ ವೂಯುವೆ ಅರಸರ ಕುಲ; ಸುನ್ ಎಂಬುದು ಆ ಅರಸನ ರಾಣಿಯ ಕುಲ; ಲೀ ಎಂಬುದು ನೆರೆಯ ದಕ್ಷಿಣ ತಾಂಗ್ ಅರಸರ ಕುಲ. ಈ ವಿವರಣೆಯನ್ನು ದಕ್ಷಿಣ ಸುಂಗ್ ಕಾಲದ ವಾಂಗ್ ಮಿಂಗ್‌ಚಿಂಗನೇ ಕೊಟ್ಟಿದ್ದಾನೆ. ವೂಯುವೆ ಸೀಮೆಯವನೊಬ್ಬನು ಇದನ್ನು ರಚಿಸಿರಬೇಕೆಂದೂ ಅವನು ಊಹಿಸಿದನು. ಮಕ್ಕಳ ಪಾಠವೆನಿಸಿದ ಈ ಪಟ್ಟಿ ಹೀಗೆ ಒಂದು ರಾಜಕೀಯ ಕ್ಷಣದ ದಾಖಲೆ. ಹೆಸರುಗಳ ಅರ್ಥವಾಗಲಿ ಪ್ರಾಚೀನತೆಯಾಗಲಿ ಅದರ ಕ್ರಮದಲ್ಲಿಲ್ಲ.

ಶಾಸ್ತ್ರೀಯ ವಿವೇಚನೆಗೆ ನಾವು ಬೇರೆ ಗ್ರಂಥಗಳತ್ತ ಹೊರಳಬೇಕು. ಎರಡನೆಯ ಶತಮಾನದ ಅಂತ್ಯದಲ್ಲಿ ಇಂಗ್ ಷಾವ್ ತನ್ನ 'ಫೆಂಗ್‌ಸು ತುಂಗ್‌ಯೀ' ಎಂಬ ಗ್ರಂಥದಲ್ಲಿ ಕುಲನಾಮಗಳ ಮೂಲವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದನು; ಆ ಅಧ್ಯಾಯ ಲುಪ್ತವಾಗಿ, ಇತರರ ಉದ್ಧರಣೆಗಳಲ್ಲಿ ಮಾತ್ರ ಉಳಿದಿದೆ. ಕ್ರಿ. ಶ. ೮೧೨ರಲ್ಲಿ ಲಿನ್ ಬಾವ್ 'ಯುವಾನ್‌ಹೆ ಶಿಂಗ್‌ತ್ಸುವಾನ್' ಎಂಬ ಕೋಶವನ್ನು ರಚಿಸಿದನು. ಇವರೆಲ್ಲರಿಗಿಂತ ವ್ಯಾಪಕವಾದ ಪ್ರಯತ್ನ ಜೆಂಗ್ ಚಿಯಾವ್ (೧೧೦೪-೧೧೬೨) ಎಂಬ ಇತಿಹಾಸಕಾರನದು. ೧೧೬೧ರಲ್ಲಿ ಮುಗಿದ ಅವನ 'ತುಂಗ್‌ಜ್ರ್' ಗ್ರಂಥದ ಕುಲವಿಚಾರ ಭಾಗದಲ್ಲಿ ಮೂವತ್ತೆರಡು ವರ್ಗಗಳಿವೆ. ರಾಜ್ಯದ ಹೆಸರಿನಿಂದ ಚೆನ್, ಸುಂಗ್, ಜೆಂಗ್, ವೂ. ಅಧಿಕಾರಪದವಿಯಿಂದ ಅಶ್ವಾಧ್ಯಕ್ಷನೆಂಬರ್ಥದ ಸ್ಸುಮಾ. ವಾಸಸ್ಥಾನದಿಂದ ಪಶ್ಚಿಮದ್ವಾರವೆಂಬರ್ಥದ ಶೀಮೆನ್. ವೃತ್ತಿಯಿಂದ ಶಕುನ ನೋಡುವವನೆಂಬರ್ಥದ ಬೂ: ಇವೇ ಮೊದಲಾದವು ಆ ವರ್ಗಗಳಿಗೆ ನಿದರ್ಶನಗಳು. ನಿಘಂಟಿನ ಅರ್ಥಕ್ಕೂ ಮೂಲಕ್ಕೂ ಹೊಂದಿಕೆಯುಂಟಾಗುವುದು ಪದವಿ, ವೃತ್ತಿ ಮತ್ತು ವಾಸಸ್ಥಾನದ ಹೆಸರುಗಳಲ್ಲಿ. ರಾಜ್ಯದ ಹೆಸರಿನಿಂದ ಬಂದ ಕುಲನಾಮಕ್ಕೆ ಅಕ್ಷರದ ಅರ್ಥವನ್ನು ಹೇಳುವುದು ನಿಷ್ಪ್ರಯೋಜಕ.

ಜೆಂಗ್ ಚಿಯಾವನ ಹಿರಿಮೆ ವರ್ಗಗಳ ಸಂಖ್ಯೆಯಲ್ಲಿಲ್ಲ. ಹೆಸರು ಒಂದೇ ಆದರೂ ಮೂಲ ಬೇರೆಯಾಗಿರಬಹುದೆಂದೂ, ಉಚ್ಚಾರದ ದೋಷದಿಂದ, ಅಕ್ಷರವನ್ನು ಸಂಕ್ಷೇಪಿಸಿದುದರಿಂದ, ಶತ್ರುಭಯದಿಂದ ಕುಲನಾಮಗಳು ಬದಲಾದುವೆಂದೂ ಅವನು ಪ್ರತ್ಯೇಕವಾಗಿ ತೋರಿಸಿಕೊಟ್ಟನು. ಉತ್ತರದ ಅಲೆಮಾರಿ ಜನಗಳಿಂದ ಬಂದ ಎರಡಕ್ಷರದ ಹೆಸರುಗಳಿಗೂ ಬೇರೆಯೇ ವರ್ಗವನ್ನು ಕಲ್ಪಿಸಿದನು. ಎಲ್ಲರ ಕುಲಮೂಲವನ್ನೂ ಬರೆದ ಲಿನ್ ಬಾವನಿಗೆ ತನ್ನ ಸ್ವಂತ ಕುಲನಾಮದ ಮೂಲವೇ ತಿಳಿಯದೆಂಬ ಅವನ ಆಕ್ಷೇಪಣೆ ಪ್ರಸಿದ್ಧವಾಗಿದೆ. ಆದರೂ ಬಿಡಿ ಬಿಡಿ ಹೆಸರುಗಳಿಗೆ ಬಂದಾಗ ಪುರಾಣಪುರುಷರನ್ನು ಮೂಲವೆಂದು ಅಂಗೀಕರಿಸುವುದನ್ನು ಅವನೂ ಬಿಡಲಿಲ್ಲ. ಬದಲಾವಣೆಗಳನ್ನು ಅಪವಾದಗಳೆಂದು ಕೊನೆಯಲ್ಲಿ ಸೇರಿಸಿದನೇ ಹೊರತು, ಅವುಗಳ ಬೆಳಕಿನಲ್ಲಿ ಮೊದಲಿನ ವರ್ಗಗಳನ್ನು ಮರುಪರೀಕ್ಷಿಸಲಿಲ್ಲ. ಆ ಅಪವಾದಗಳು ಎಷ್ಟು ವ್ಯಾಪಕವಾಗಿದ್ದುವೆಂಬುದನ್ನು ಮುಂದೆ ನೋಡಬಹುದು.

೪

ಕುಲನಾಮವನ್ನು ಬದಲಿಸುವ ಶಕ್ತಿಗಳಲ್ಲಿ ರಾಜಸತ್ತೆಯೇ ಪ್ರಬಲವಾದುದು. ಶಿಯೆನ್‌ಬೇ ಜನಾಂಗದ ಉತ್ತರ ವೇಯ್ ಅರಸು ಶಿಯಾವ್‌ವೆನ್, ರಾಜಧಾನಿಯನ್ನು ಲೋಯಾಂಗಿಗೆ ಸಾಗಿಸಿದ ಎರಡು ವರ್ಷಗಳ ತರುವಾಯ, ಕ್ರಿ. ಶ. ೪೯೬ರಲ್ಲಿ ತನ್ನವರ ಬಹ್ವಕ್ಷರದ ಹೆಸರುಗಳನ್ನು ಚೀನೀ ಮಾದರಿಗೆ ಬದಲಿಸಲು ಆಜ್ಞಾಪಿಸಿದನು. ಅರಸುಕುಲದ ತೋಬಾ ಎಂಬುದು 'ಆದಿ' ಎಂಬರ್ಥದ ಯುವಾನ್ ಆಯಿತು. ದೂಗೂ ಎಂಬುದು ಹಾನ್ ಚಕ್ರವರ್ತಿಗಳ ಕುಲನಾಮವಾದ ಲಿಯೂ ಆಯಿತು. ಬೂಲಿಯೂಗೂ ಎಂಬುದು ಲೂ ಆಯಿತು. ತಾಂಗ್ ಯುಗದ ಕವಿ ಯುವಾನ್ ಜೆನ್ (೭೭೯-೮೩೧) ಈ ತೋಬಾ ಸಂತತಿಯವನು. ಅವನ ಹೆಸರನ್ನು ನೋಡಿದವರಿಗೆ ಅದರ ಸುಳಿವೂ ದೊರೆಯದು. ಕೆಲವೇ ದಶಕಗಳಲ್ಲಿ ಚಕ್ರ ಹಿಮ್ಮುಖವಾಗಿ ತಿರುಗಿತು. ಪಶ್ಚಿಮ ವೇಯ್ ಅರಸರ ಕಾಲದಲ್ಲಿ (೫೩೪-೫೫೭) ಚೀನೀ ಹೆಸರಿನ ಸೇನಾನಾಯಕರಿಗೆ ಶಿಯೆನ್‌ಬೇ ಕುಲನಾಮಗಳನ್ನು ದಯಪಾಲಿಸಲಾಯಿತು. ಸುಯ್ ವಂಶದ ಸ್ಥಾಪಕನ ತಂದೆ ಯಾಂಗ್ ಜುಂಗ್ ಆಗ ಪೂಲಿಯೂರೂ ಎಂಬ ಹೆಸರನ್ನು ಪಡೆದನು. ತಾಂಗ್ ವಂಶದ ಸ್ಥಾಪಕನ ಅಜ್ಜ ಲೀ ಹೂ ದಾಯೆ ಎಂಬ ಹೆಸರನ್ನು ಪಡೆದನು. ೫೮೦ರ ವೇಳೆಗೆ ಅಧಿಕಾರ ಹಿಡಿದ ಯಾಂಗ್ ಜಿಯೆನ್ ಇವೆಲ್ಲವನ್ನೂ ರದ್ದುಪಡಿಸಿದನು. ಚೀನಾವನ್ನು ಮತ್ತೆ ಒಂದುಗೂಡಿಸಿದ ಎರಡು ಮಹಾವಂಶಗಳೂ ಹೀಗೆ ತಮ್ಮ ಕುಲನಾಮವನ್ನು ಒಮ್ಮೆ ಕಳಚಿ ಮತ್ತೆ ತೊಟ್ಟವು.

ಇಂತಹ ಹಿನ್ನೆಲೆಯ ತಾಂಗ್ ಚಕ್ರವರ್ತಿಗಳು ಲೀ ಕುಲಕ್ಕೆ ಕಟ್ಟಿದ ಇತಿಹಾಸ ಗಮನಾರ್ಹವಾದುದು. ಕುಲದ ಪೂರ್ವಜನೊಬ್ಬನು ಷಾಂಗ್ ವಂಶದ ಕ್ರೂರ ಅರಸನಿಂದ ತಪ್ಪಿಸಿಕೊಂಡು ಓಡುತ್ತಿರುವಾಗ ಪ್ಲಮ್ ಹಣ್ಣುಗಳನ್ನು ತಿಂದು ಬದುಕಿದನೆಂದೂ, ಅದರಿಂದ ನ್ಯಾಯಾಧಿಪತ್ಯಸೂಚಕವಾದ ಹಳೆಯ ಲೀ ಅಕ್ಷರವನ್ನು ಬಿಟ್ಟು ಹಣ್ಣಿನ ಲೀ ಅಕ್ಷರವನ್ನು ಹಿಡಿದನೆಂದೂ ಕಥೆ. ಲೀ ಕುಲದವನೆಂದು ಪ್ರಸಿದ್ಧನಾದ ಲಾವ್‌ತ್ಸುವನ್ನು ಪೂರ್ವಜನೆಂದು ಸಾರಿ, ೬೬೬ರಲ್ಲಿ ಅವನಿಗೆ ಚಕ್ರವರ್ತಿಯ ಬಿರುದನ್ನೇ ಅರ್ಪಿಸಲಾಯಿತು. ೧೦೬೦ರಲ್ಲಿ ಮುಗಿದ 'ಹೊಸ ತಾಂಗ್ ಇತಿಹಾಸ'ದ ವಂಶಪಟ್ಟಿಗಳಲ್ಲಿ ಈ ಪ್ಲಮ್ ಹಣ್ಣಿನ ಕಥೆ ಸ್ಥಾನ ಪಡೆದಿದೆ. ಅದೇ ಗ್ರಂಥದ ಮಂತ್ರಿಮನೆತನಗಳ ಪಟ್ಟಿಗಳು ಆಯಾ ಮನೆಗಳ ವಂಶಾವಳಿಗಳನ್ನೇ ನಂಬಿ ಹೆಣೆದುವಾದುದರಿಂದ ದೋಷಪೂರ್ಣವಾಗಿವೆಯೆಂದು ಹುಂಗ್ ಮಾಯ್ (೧೧೨೩-೧೨೦೨) ಖಂಡಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಚೆನ್ ಯಿಂಕೆ (೧೮೯೦-೧೯೬೯) ತಾಂಗ್ ಅರಸರು ತಮ್ಮದೆಂದು ಹೇಳಿಕೊಂಡ ಲುಂಗ್‌ಶಿಯ ವಂಶಮೂಲವೇ ಕಲ್ಪಿತವೆಂದು ವಾದಿಸಿದನು. ಹೆಸರನ್ನು ಮುಂದಿಟ್ಟುಕೊಂಡು ಅದಕ್ಕೊಪ್ಪುವ ಘಟನೆಯನ್ನು ಹೊಸೆಯುವ ಈ ರೀತಿ ನಮಗೆ ಅಪರಿಚಿತವೇನಲ್ಲ. ಹೊಯ್ಸಳರ ಸಳನ ಕಥೆಯೂ ಇದೇ ಜಾತಿಯದು.

ರಾಜಸತ್ತೆ ಕುಲಗಳ ತಾರತಮ್ಯವನ್ನೂ ನಿರ್ಣಯಿಸಲು ಹೊರಟಿತು. ತಾಂಗ್ ತೈಜುಂಗನ ಆಜ್ಞೆಯಂತೆ ಗಾವ್ ಷಿಲಿಯೆನ್ ಮೊದಲಾದವರು ಸಿದ್ಧಪಡಿಸಿದ ಕುಲಗ್ರಂಥದ ಮೊದಲ ಕರಡಿನಲ್ಲಿ ಪ್ರಥಮ ಶ್ರೇಣಿ ದೊರೆತುದು ಪುರಾತನ ಪ್ರತಿಷ್ಠೆಯ ತ್ಸುಯ್ ಮನೆತನಕ್ಕೆ. ಚಕ್ರವರ್ತಿ ಅಸಮಾಧಾನಗೊಂಡು, ಪ್ರಸ್ತುತ ಅಧಿಕಾರಪದವಿಯೇ ಅಳತೆಗೋಲಾಗಬೇಕೆಂದು ವಿಧಿಸಿದನು. ೬೩೮ರಲ್ಲಿ ಒಪ್ಪಿಸಿದ ತಿದ್ದಿದ ಗ್ರಂಥದಲ್ಲಿ ೨೯೩ ಕುಲನಾಮಗಳೂ ೧,೬೫೧ ಮನೆತನಗಳೂ ಇದ್ದವು; ಅರಸುಕುಲ ಮೊದಲನೆಯದು, ರಾಣಿಯ ಕುಲ ಎರಡನೆಯದು, ತ್ಸುಯ್ ಮೂರನೆಯ ದರ್ಜೆಯದು. ಇಪ್ಪತ್ತೊಂದು ವರ್ಷಗಳ ಬಳಿಕ, ೬೫೯ರಲ್ಲಿ, ವೂ ಮಹಾರಾಣಿಯ ಪ್ರಾಬಲ್ಯಕಾಲದಲ್ಲಿ ಈ ಗ್ರಂಥವೂ ಹಿಂದೆ ಸರಿದು, ಆಕೆಯ ಕುಲವನ್ನು ಮೇಲೆತ್ತಿದ ಹೊಸ ಗ್ರಂಥ ಹೊರಬಂದಿತು. ಕುಲಗ್ರಂಥವನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿ, ಅದನ್ನು ಬರೆಯಿಸಿದವರಾರೆಂಬುದನ್ನು ಮೊದಲು ಕೇಳಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಅರಸರು ಕುಲನಾಮವನ್ನು ಬಹುಮಾನವಾಗಿ ಕೊಡುತ್ತಿದ್ದುದೂ ಉಂಟು. ಷಾತುವೊ ತುರುಷ್ಕರ ನಾಯಕ ಜೂಯೆ ಚಿರ್‌ಶಿನ್, ೮೬೯ರಲ್ಲಿ ದಂಗೆಯೊಂದನ್ನಡಗಿಸಲು ನೆರವಾದುದಕ್ಕೆ ಲೀ ಗುವೊಚಾಂಗ್ ಎಂಬ ಹೆಸರನ್ನು ಪಡೆದನು. ಅವನ ಮೊಮ್ಮಗ ಲೀ ತ್ಸುನ್‌ಶೂ ೯೨೩ರಲ್ಲಿ ಸಾಮ್ರಾಜ್ಯವನ್ನು ಸ್ಥಾಪಿಸಿ, ಈ ದತ್ತನಾಮದ ಬಲದಿಂದಲೇ ಅದನ್ನು 'ತಾಂಗ್' ಎಂದು ಕರೆದನು. ಅರಸನ ಹೆಸರಿನ ಅಕ್ಷರವನ್ನು ಪ್ರಜೆಗಳು ಬಳಸಬಾರದೆಂಬ ನಿಷೇಧದಿಂದಾದ ಬದಲಾವಣೆಗಳೂ ಹಲವು. ಹಾನ್ ಚಕ್ರವರ್ತಿ ಮಿಂಗನ (೫೭-೭೫) ಸ್ವಂತ ಹೆಸರು ಜುವಾಂಗ್ ಆದುದರಿಂದ ಜುವಾಂಗ್ ಕುಲದವರು ಯೆನ್ ಆದರು. ಸುಂಗ್ ಯುಗದ ಮಂತ್ರಿ ವೆನ್ ಯೆನ್‌ಬೋವಿನ (೧೦೦೬-೧೦೯೭) ಮನೆತನ ಮೂಲತಃ ಜಿಂಗ್; ಎರಡು ವಂಶಗಳ ಅರಸರ ಹೆಸರಿನಲ್ಲಿ ಆ ಅಕ್ಷರ ಬಂದುದರಿಂದ ಅದು ಎರಡು ಬಾರಿ ವೆನ್ ಆಯಿತು. ಸಾಹಿತ್ಯವೆಂಬ ಅರ್ಥದ ಈ ಕುಲನಾಮದಿಂದ ಪೂರ್ವಜರ ಸಾಹಿತ್ಯಸೇವೆಯನ್ನು ಊಹಿಸಿದರೆ ಎಂತಹ ಪ್ರಮಾದವಾದೀತು!

೫

ವಿದೇಶೀಯರು ಧರಿಸಿದ ಹೆಸರುಗಳು ನಿಘಂಟಿನ ಮಾರ್ಗದ ದೋಷವನ್ನು ಇನ್ನೂ ಸ್ಪಷ್ಟಪಡಿಸುತ್ತವೆ. ೭೫೫ರಲ್ಲಿ ತಾಂಗ್ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದ ಆನ್ ಲೂಷಾನನ ಹೆಸರನ್ನು ಅಕ್ಷರಶಃ ಅರ್ಥೈಸಿದರೆ 'ಶಾಂತಿ, ಸಂಪತ್ತಿನ ಪರ್ವತ' ಎಂದಾಗುತ್ತದೆ. ವಾಸ್ತವವಾಗಿ ಆನ್ ಎಂಬುದು ಮಧ್ಯ ಏಷ್ಯದ ಬುಖಾರದವರಿಗೆ ಚೀನೀಯರು ಕೊಟ್ಟ ಕುಲನಾಮ, ಅವನಿಗೆ ಮಲತಂದೆಯಿಂದ ಬಂದುದು. ಲೂಷಾನ್ ಎಂಬುದು 'ಪ್ರಕಾಶಮಾನ' ಎಂಬರ್ಥದ ಸೋಗ್ದಿಯನ್ ಪದದ ಧ್ವನ್ಯನುಕರಣವೆಂದು ವಿದ್ವಾಂಸರು ಗುರುತಿಸಿದ್ದಾರೆ. ಮಿಂಗ್ ಯುಗದ ನೌಕಾಧಿಪತಿ ಜೆಂಗ್ ಹೆ ಯುನ್ನಾನಿನ ಮುಸ್ಲಿಂ ಮನೆತನದವನು; ಅವನ ಮೂಲ ಕುಲನಾಮ ಮಾ. ಚೀನೀ ಮುಸಲ್ಮಾನರಲ್ಲಿ ಬಹುಪ್ರಚಾರದಲ್ಲಿರುವ ಈ ಹೆಸರು ಮಹಮ್ಮದ್ ಎಂಬುದರ ಧ್ವನಿಯನ್ನು ಸೂಚಿಸುವುದೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಕುದುರೆಗೂ ಅದಕ್ಕೂ ಸಂಬಂಧವಿಲ್ಲ. ೧೪೦೪ರಲ್ಲಿ ಯುಂಗ್‌ಲೋ ಚಕ್ರವರ್ತಿ ಅವನಿಗೆ ಜೆಂಗ್ ಎಂಬ ಕುಲನಾಮವನ್ನು ಕೊಟ್ಟನು. ಅವನು ೧೪೦೫ರಲ್ಲಿ ನಿಲ್ಲಿಸಿದ ತಂದೆಯ ಸಮಾಧಿಶಾಸನದಲ್ಲಿ ಮಾತ್ರ ಮಾ ಎಂಬ ಹೆಸರು ಉಳಿದಿದೆ.

ಭಾರತದ ಹೆಸರೇ ಚೀನೀ ಕುಲನಾಮವಾದುದು ನಮಗೆ ವಿಶೇಷ ಆಸಕ್ತಿಯ ವಿಷಯ. ಭಾರತವನ್ನು ಚೀನೀಯರು ತಿಯೆನ್‌ಜೂ ಎಂದು ಕರೆಯುತ್ತಿದ್ದರು. ಅಲ್ಲಿಂದ ಬಂದ ಭಿಕ್ಷುಗಳು ಅದರ ಕೊನೆಯ ಅಕ್ಷರವಾದ ಜೂ ಎಂಬುದನ್ನು ಕುಲನಾಮವಾಗಿ ಧರಿಸಿದರು. ಆದರೆ ಈ ಹೆಸರುಳ್ಳವರೆಲ್ಲ ಭಾರತೀಯರಲ್ಲ. ಪ್ರಸಿದ್ಧ ಭಾಷಾಂತರಕಾರ ಜೂ ಫಾಹೂ, ಎಂದರೆ ಧರ್ಮರಕ್ಷ, ತುನ್‌ಹುವಾಂಗಿನಲ್ಲಿ ನೆಲಸಿದ್ದ ಯೂಜರ್ ಜನಾಂಗದವನು. ಜೂ ಎಂಬುದು ಅವನ ಭಾರತೀಯ ಗುರುವಿನಿಂದ ಬಂದ ಹೆಸರು. ಗುರುವಿನ ಕುಲನಾಮವನ್ನು ಶಿಷ್ಯನು ಧರಿಸುವ ಈ ಪದ್ಧತಿಯಿಂದ ಸಂಘದೊಳಗೆ ಬಹುಕುಲಗಳುಂಟಾದುದನ್ನು ಕಂಡು ದಾವ್‌ಆನ್ (೩೧೨-೩೮೫) ಎಂಬ ಸ್ಥವಿರನು, ಭಿಕ್ಷುಗಳೆಲ್ಲರೂ ಶಾಕ್ಯಮುನಿಯ ಮಕ್ಕಳಾದುದರಿಂದ 'ಶಾಕ್ಯ'ದ ಮೊದಲಕ್ಷರವಾದ ಷಿ ಎಂಬುದನ್ನೇ ಎಲ್ಲರೂ ಧರಿಸತಕ್ಕದ್ದೆಂದು ನಿರ್ಣಯಿಸಿದನು. ನದಿಗಳು ಸಮುದ್ರವನ್ನು ಸೇರಿದ ಮೇಲೆ ಹೆಸರು ಕಳೆದುಕೊಳ್ಳುವಂತೆ ಚತುರ್ವರ್ಣದವರು ಸಂಘವನ್ನು ಸೇರಿ ಶಾಕ್ಯಪುತ್ರರಾಗುವರೆಂಬ ಏಕೋತ್ತರಾಗಮದ ವಚನ ಈ ನಿರ್ಣಯಕ್ಕೆ ಅನಂತರ ಸಮರ್ಥನೆಯಾಯಿತು. ಜನ್ಮವನ್ನಲ್ಲದೆ ದೀಕ್ಷೆಯನ್ನು ಆಧರಿಸಿದ ಈ ಕುಲನಾಮ ಚೀನೀ ಭಿಕ್ಷುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಹಿಂದೆ ವಿವೇಚಿಸಿದ ಶಾಖಾನಾಮಸೂಚಕವಾದ ಷಿ ಬೇರೆಯ ಅಕ್ಷರ. ಕನ್ನಡ ಲಿಪಿಯಲ್ಲಿ ಎರಡೂ ಒಂದಾಗಿಬಿಡುವುದರಿಂದ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು.

ಗೌತಮವೆಂಬ ಹೆಸರೂ ಚೂತಾನ್ ಎಂಬ ರೂಪದಲ್ಲಿ ಚೀನೀ ಕುಲನಾಮವಾಯಿತು. ಚೂತಾನ್ ಶೀದಾ, ಎಂದರೆ ಗೌತಮ ಸಿದ್ಧ, ತಾಂಗ್ ಆಸ್ಥಾನದ ಜ್ಯೋತಿಷಾಧಿಕಾರಿಯಾಗಿ ೭೧೮ರಲ್ಲಿ ನವಗ್ರಹ ಪಂಚಾಂಗಪದ್ಧತಿಯನ್ನು ಚೀನೀ ಭಾಷೆಗೆ ತಂದನು. ಅವನ ಮಗ ಚೂತಾನ್ ಜುವಾನನ ಸಮಾಧಿ ೧೯೭೭ರಲ್ಲಿ ಪುರಾತನ ಚಾಂಗ್‌ಆನ್ ನಗರದ ಪ್ರದೇಶದಲ್ಲಿ ದೊರೆತು, ಈ ಭಾರತಮೂಲದ ಮನೆತನ ಅನೇಕ ತಲೆಗಳಿಂದ ಅಲ್ಲಿಯೇ ನೆಲಸಿದ್ದುದನ್ನು ಶಿಲಾಲೇಖದಿಂದ ಸ್ಥಿರಪಡಿಸಿತು. ವಂಶಾವಳಿಯ ಕಥೆಗೂ ಸಮಾಧಿಯ ಲೇಖಕ್ಕೂ ಇರುವ ಬೆಲೆಯ ತಾರತಮ್ಯ ಇಲ್ಲಿ ಸುವ್ಯಕ್ತವಾಗಿದೆ.

೬

ಕುಲನಾಮದಲ್ಲಿ ಅರ್ಥವನ್ನು ಹುಡುಕುವುದು ಅಪಾಯಕರವಾದರೆ, ಸ್ವನಾಮದಲ್ಲಿ ಹುಡುಕದಿರುವುದು ಲೋಪ. ಸ್ವನಾಮವನ್ನು ಹಿರಿಯರು ಅರ್ಥವನ್ನು ಉದ್ದೇಶಿಸಿಯೇ ಇಡುತ್ತಾರೆ. ಹಿಂದೆ ಪುರುಷನು ಇಪ್ಪತ್ತನೆಯ ವಯಸ್ಸಿನಲ್ಲಿ ಪಡೆಯುತ್ತಿದ್ದ ಗೌರವನಾಮಕ್ಕೂ ಸ್ವನಾಮಕ್ಕೂ ಅರ್ಥಸಂಬಂಧವಿರುತ್ತಿತ್ತು. ಜೂಗೆ ಲಿಯಾಂಗನ ಸ್ವನಾಮಕ್ಕೆ ಬೆಳಕೆಂದೂ, ಅವನ ಗೌರವನಾಮವಾದ ಕುಂಗ್‌ಮಿಂಗ್ ಎಂಬುದಕ್ಕೆ ಬಹು ಪ್ರಕಾಶವೆಂದೂ ಅರ್ಥ. ಜೂ ಶೀ ಎಂಬ ದಾರ್ಶನಿಕನ ಸ್ವನಾಮ ಬೆಳಕನ್ನೂ ಗೌರವನಾಮ ಮಬ್ಬನ್ನೂ ಸೂಚಿಸಿ ಪರಸ್ಪರ ಸರಿದೂಗುತ್ತವೆ. ಸ್ವನಾಮಗಳು ಕಾಲದ ಮುದ್ರೆಯನ್ನೂ ಹೊರುತ್ತವೆ. ವಾಂಗ್ ಮಾಂಗನು (೯-೨೩) ಎರಡಕ್ಷರದ ಸ್ವನಾಮಗಳನ್ನು ನಿಷೇಧಿಸಿದನು. ಮೂರು ರಾಜ್ಯಗಳ ಕಾಲದ ಲಿಯೂ ಬೇ, ತ್ಸಾವ್ ತ್ಸಾವ್, ಸುನ್ ಚುವಾನ್ ಮೊದಲಾದವರ ಏಕಾಕ್ಷರ ನಾಮಗಳಲ್ಲಿ ಆ ರೂಢಿಯೇ ಮುಂದುವರಿದುದನ್ನು ಕಾಣಬಹುದು. ೧೯೪೯ರ ತರುವಾಯ 'ರಾಷ್ಟ್ರನಿರ್ಮಾಣ' ಎಂಬರ್ಥದ ಜಿಯೆನ್‌ಗುವೊ ಎಂಬ ಹೆಸರು ಹಬ್ಬಿದುದೂ ಹೀಗೆಯೇ.

ಕುಲಗ್ರಂಥಗಳಲ್ಲಿ ಪುರುಷರ ಸ್ವನಾಮಗಳು ವಿವರವಾಗಿ ದೊರೆತರೂ ಸ್ತ್ರೀಯರವು ಬಹುಮಟ್ಟಿಗೆ ದೊರೆಯವು. ಸೊಸೆಯಾಗಿ ಬಂದವಳು ವಾಂಗ್ ಷಿ, ಲೀ ಷಿ ಎಂದು ತವರಿನ ಕುಲನಾಮದಿಂದ ಮಾತ್ರ ದಾಖಲಾಗುತ್ತಾಳೆ. ಶಿಂಗನ್ನು ಪ್ರಥಮತಃ ಧರಿಸಿದವರು ಸ್ತ್ರೀಯರೆಂಬುದನ್ನು ನೆನೆದರೆ, ಕುಲನಾಮದ ಚರ್ಚೆಯಲ್ಲಿ ಅವರ ಸ್ವನಾಮಗಳೇ ಕಾಣೆಯಾಗಿರುವುದು ಈ ಆಧಾರಗಳ ದೊಡ್ಡ ಕೊರತೆಯೆನ್ನಬೇಕು.

೭

ಚೀನೀ ಸಾರ್ವಜನಿಕ ಭದ್ರತಾ ಸಚಿವಾಲಯ ೨೦೨೦ನೆಯ ವರ್ಷಕ್ಕಾಗಿ ಪ್ರಕಟಿಸಿದ ವರದಿಯಂತೆ ವಾಂಗ್, ಲೀ, ಜಾಂಗ್, ಲಿಯೂ, ಚೆನ್ ಎಂಬ ಐದು ಕುಲನಾಮಗಳವರೇ ನೋಂದಾಯಿತ ಜನಸಂಖ್ಯೆಯಲ್ಲಿ ಶೇಕಡ ೩೦ಕ್ಕಿಂತ ಹೆಚ್ಚು. ಇಷ್ಟು ಜನ ಐವರು ಮೂಲಪುರುಷರ ಸಂತಾನವೆಂದು ನಂಬುವುದಾದರೆ ನಾವು ಮೇಲೆ ಕಂಡ ಆಜ್ಞೆ, ದಾನ, ನಿಷೇಧ, ದೀಕ್ಷೆ, ದತ್ತಕಗಳೆಲ್ಲವನ್ನೂ ಮರೆಯಬೇಕಾಗುತ್ತದೆ. ದೊಡ್ಡ ಕುಲನಾಮವೆಂದರೆ ಹಲವು ಹೊಳೆಗಳು ಕೂಡಿದ ಪ್ರವಾಹ. ಅದರ ಒಂದು ಹೊಳೆಯನ್ನೇ ಮೂಲವೆನ್ನುವುದು ಇತಿಹಾಸವಲ್ಲ. ರಕ್ತಶುದ್ಧಿಯ ಅಭಿಮಾನಕ್ಕೆ ಕುಲನಾಮವನ್ನು ಸಾಕ್ಷಿಯಾಗಿ ಕರೆಯುವವರು, ಅದೇ ಸಾಕ್ಷಿಯಿಂದ ವಿರುದ್ಧವಾದ ಮಾತನ್ನು ಕೇಳಬೇಕಾಗುತ್ತದೆ.

ಹಾಗೆಂದು ಮೂಲಕಥೆಗಳನ್ನು ತಳ್ಳಿಹಾಕುವುದು ನಮ್ಮ ಅಭಿಪ್ರಾಯವಲ್ಲ. ಪ್ಲಮ್ ಹಣ್ಣಿನ ಕಥೆ ಷಾಂಗ್ ಯುಗಕ್ಕೆ ಸಾಕ್ಷಿಯಲ್ಲದಿದ್ದರೂ ತಾಂಗ್ ಅರಸರ ಆಕಾಂಕ್ಷೆಗೆ ಸಾಕ್ಷಿಯಾಗಿದೆ. ೬೩೮ರ ಕುಲಗ್ರಂಥ ಕುಲಗಳ ಪ್ರಾಚೀನತೆಗೆ ಪ್ರಮಾಣವಲ್ಲದಿದ್ದರೂ ಅರಸನಿಗೂ ಹಳೆಯ ಮನೆತನಗಳಿಗೂ ನಡೆದ ಹೋರಾಟಕ್ಕೆ ಪ್ರಮಾಣವಾಗಿದೆ. ತಾಂಗ್ ಯುಗದ ಇತಿಹಾಸಶಾಸ್ತ್ರಜ್ಞ ಲಿಯೂ ಜ್ರ್‌ಜಿ (೬೬೧-೭೨೧) ತನ್ನದೇ ಲಿಯೂ ಕುಲದ ಚರಿತ್ರೆಯನ್ನು ಬರೆಯುವಾಗ, ಹಾನ್ ಅರಸರು ಯಾವ್ ಚಕ್ರವರ್ತಿಯ ವಂಶದವರೆಂಬ ಸರ್ವಮಾನ್ಯವಾದ ಮಾತನ್ನು ಒಪ್ಪದೆ, ಲೂಜುಂಗ್ ಎಂಬುವನ ಸಂತತಿಯವರೆಂದು ನಿರ್ಣಯಿಸಿದನು. ಅವನ ನಿರ್ಣಯವನ್ನು ನಾವು ಒಪ್ಪಬೇಕಾಗಿಲ್ಲ, ಲೂಜುಂಗನೂ ಪುರಾಣಪುರುಷನೇ. ಆದರೆ ಸ್ವಕುಲದ ಕೀರ್ತಿಗೆ ಒಪ್ಪುವ ಕಥೆಯನ್ನೂ ಆಧಾರ ಕೇಳಿ ಪರೀಕ್ಷಿಸಿದ ಅವನ ಮನೋಧರ್ಮ ಅನುಕರಣೀಯವಾದುದು. ಕುಲನಾಮಗಳ ಅಧ್ಯಯನ ಚೀನಾದಲ್ಲಾಗಲಿ ಬೇರೆಡೆಯಲ್ಲಾಗಲಿ ಆ ಮನೋಧರ್ಮದಿಂದ ನಡೆದಾಗ ಮಾತ್ರ ಇತಿಹಾಸಕ್ಕೆ ನೆರವಾಗಬಲ್ಲುದು.